ಮೇಲಿಂದ ಎಲ್ಲಾ ಚಂದ: ರೈಲು ಹಳಿಯ ಒಂದು ಬೆಸುಗೆಯ ಪಾಠ

ನನ್ನ ಅಮ್ಮಮ್ಮನ ಮನೆ ಬಾರ್ಕೂರು. ಊರಿನ ಹೆಸರು ಹೇಳಿದ ತಕ್ಷಣ ಎಲ್ಲರೂ ಕತ್ತಲೆ ಬಸದಿ, ಅಳುಪರು, ಹಳೇ ರಾಜಧಾನಿ ಅಂತ ಶುರು ಮಾಡ್ತಾರೆ. ನನಗೆ ಮಾತ್ರ ಬಾರ್ಕೂರು ಅಂದರೆ ಮೊದಲು ನೆನಪಾಗೋದು ರೈಲ್ವೆ ಸ್ಟೇಷನ್. ಉಡುಪಿಗೂ ಕುಂದಾಪುರಕ್ಕೂ ನಡುವೆ ಕೊಂಕಣ ರೈಲ್ವೆಯ ಸಣ್ಣ ಸ್ಟೇಷನ್. ರೈಲು ಬರೋ ಹೊತ್ತು ಬಿಟ್ಟರೆ ಉಳಿದ ಹೊತ್ತಲ್ಲಿ ಅಲ್ಲಿ ಮನುಷ್ಯರಿಗಿಂತ ಕಾಗೆಗಳೇ ಜಾಸ್ತಿ.

ಕಳೆದ ರಜೆಯಲ್ಲಿ ಉಡುಪಿಗೆ ಹೋಗಲು ಪ್ಲಾಟ್‌ಫಾರ್ಮ್ ತುದಿಯಲ್ಲಿ ನಿಂತಿದ್ದೆ. ಕೇಸರಿ ಕೋಟು ಹಾಕಿದ ಒಬ್ಬರು ಹಳಿ ಪಕ್ಕದಲ್ಲಿ ನಡೆದು ಬಂದರು. ಹೆಗಲ ಮೇಲೆ ಉದ್ದ ಸ್ಪ್ಯಾನರ್, ಕೈಯಲ್ಲಿ ಸುತ್ತಿಗೆ, ಬೆನ್ನಿಗೆ ಚೀಲ. ಅಲ್ಲಲ್ಲಿ ನಿಲ್ಲೋದು, ಬಗ್ಗಿ ನೋಡೋದು, ಸಡಿಲವಾದ ಕ್ಲಿಪ್ ಇದ್ದರೆ ಹೊಡೆದು ಕೂರಿಸೋದು, ಮುಂದೆ ಹೋಗೋದು. ನಾನು ನೋಡ್ತಾ ಇರೋದನ್ನು ನೋಡಿ, "ಎಂತ ಕಾಂತಿದ್ದೆ ಮಾರಾಯಾ?" ಅಂದರು. ಹಳಿಯಲ್ಲಿ ಒಂದು ಕಡೆ ಉಬ್ಬಿದ ಪಟ್ಟಿ ತರಹ ಇತ್ತು. ಅದನ್ನು ತೋರಿಸಿ "ಅಣ್ಣ, ಇದು ವೆಲ್ಡಿಂಗ್ ಅಲ್ವಾ? ಸರಿ ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದೆ. ಅವರು ನಕ್ಕರು. "ಮೇಲಿಂದ್ ಕಂಡ್ರೆ ಎಲ್ಲಾ ಚಂದವೇ ಕಾಂತ್. ಒಳಗೆ ಎಂತ ಇತ್ತ್ ಅಂದ್ಹೇಳಿ ಯಾರಿಗ್ ಗೊತ್ತ್?" ಅಂತ ಹೇಳಿ ಸೀತಾ ನದಿ ಸೇತುವೆ ದಿಕ್ಕಿಗೆ ನಡೆದೇಬಿಟ್ಟರು.

ಆ ಮಾತು ನನಗೆ ಸ್ವಲ್ಪ ಚುಚ್ಚಿತು. ಯಾಕೆ ಅಂತ ಕೊನೆಯಲ್ಲಿ ಹೇಳ್ತೀನಿ. ಅದಕ್ಕೂ ಮೊದಲು ಆ ಉಬ್ಬಿದ ಪಟ್ಟಿ ಏನು, ಅದನ್ನು ಹೇಗೆ ಮಾಡ್ತಾರೆ, ಕೆಲಸ ಕೆಟ್ಟರೆ ಎಲ್ಲಿ ಕೆಡುತ್ತೆ ಅನ್ನೋದನ್ನು ನೋಡೋಣ. ಸಿವಿಲ್‌ನವರಿಗೆ ಹಳಿ, ಮೆಕ್ಯಾನಿಕಲ್‌ನವರಿಗೆ ಬೆಸುಗೆ, ಎಲೆಕ್ಟ್ರಾನಿಕ್ಸ್‌ನವರಿಗೆ ಅಲ್ಟ್ರಾಸಾನಿಕ್. ಕಂಪ್ಯೂಟರ್ ಸೈನ್ಸ್‌ನವರಿಗೂ ಏನಾದರೂ ಸಿಗಬಹುದು, ಕನಿಷ್ಠ ಮುಂದಿನ ಸಲ ಊರಿಗೆ ಹೋಗುವಾಗ ಕಿಟಕಿಯಿಂದ ಹೊರಗೆ ನೋಡಲು ಒಂದು ಕಾರಣ.

ನಾಲ್ಕು ದಿನದಲ್ಲಿ ಎರಡು ರಾತ್ರಿ

ಕೊಂಕಣ ರೈಲ್ವೆ ಅಂದರೆ ನಮ್ಮ ಮನೆಗಳಲ್ಲಿ ಹೆದರಿಕೆ ಇರೋದು ಗುಡ್ಡ ಕುಸಿತದ್ದು. ಅದಕ್ಕೆ ಕಾರಣವೂ ಇದೆ. 2003ರ ಜೂನ್ 22ರ ರಾತ್ರಿ ಮಹಾರಾಷ್ಟ್ರದ ವೈಭವವಾಡಿ ಹತ್ತಿರ, ಕಾರವಾರದಿಂದ ಮುಂಬೈಗೆ ಹೊರಟಿದ್ದ ರಜಾ ವಿಶೇಷ ರೈಲು ಕುಸಿದ ಕಲ್ಲುಮಣ್ಣಿಗೆ ಬಡಿದು ಹಳಿ ತಪ್ಪಿತು, 50ಕ್ಕೂ ಹೆಚ್ಚು ಜನ ಸತ್ತರು. ಮುಂದಿನ ವರ್ಷ, 2004ರ ಜೂನ್ 16ರಂದು, ನಮ್ಮದೇ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕರಂಜಾಡಿ ಹತ್ತಿರ ಹಳಿ ಮೇಲೆ ಬಿದ್ದ ಬಂಡೆಯಿಂದಾಗಿ ಸೇತುವೆ ಬಳಿ ಉರುಳಿತು. ಮಳೆಗಾಲ ಬಂತು ಅಂದರೆ ಅಮ್ಮಮ್ಮ ಈಗಲೂ "ರೈಲಲ್ಲಿ ಬಪ್ಪುದ್ ಬ್ಯಾಡ" ಅನ್ನೋದು ಅದಕ್ಕೇ.

ಕಲ್ಲು ಬೀಳೋದು ಕಾಣುತ್ತೆ, ಪೇಪರಲ್ಲಿ ಫೋಟೋ ಬರುತ್ತೆ. ಹಳಿ ಒಳಗಿನ ದೋಷ ಕಾಣಲ್ಲ.

2024ರ ಸೆಪ್ಟೆಂಬರ್ 1, ಭಾನುವಾರ. ಬೆಳಗಿನ ಜಾವ ಸುಮಾರು 2.25. ಬಾರ್ಕೂರಿನಿಂದ ಉಡುಪಿ ದಾಟಿ ದಕ್ಷಿಣಕ್ಕೆ ಹೋದರೆ ಇನ್ನಂಜೆ, ಆಮೇಲೆ ಪಡುಬಿದ್ರಿ. ಆ ಎರಡರ ನಡುವೆ ಗಸ್ತು ತಿರುಗುತ್ತಿದ್ದ ಒಬ್ಬ ಟ್ರ್ಯಾಕ್ ಮೇಂಟೈನರ್‌ಗೆ ಹಳಿಯ ಜೋಡಣೆ ಒಡೆದಿರೋದು ಕಾಣಿಸಿತು. ತಕ್ಷಣ ವಿಷಯ ಮುಟ್ಟಿಸಿದರು, ಬರಬೇಕಿದ್ದ ರೈಲುಗಳನ್ನು ತಡೆದು ತುರ್ತು ದುರಸ್ತಿ ಆಯಿತು.

ಮೂರೇ ದಿನದ ನಂತರ, ಸೆಪ್ಟೆಂಬರ್ 4, ಬುಧವಾರ. ಬೆಳಗಿನ ಜಾವ ಸುಮಾರು 4.50. ಈ ಸಲ ಉತ್ತರಕ್ಕೆ, ಹೊನ್ನಾವರ ಮತ್ತು ಕುಮಟಾ ನಡುವೆ. ಇನ್ನೊಬ್ಬ ಟ್ರ್ಯಾಕ್ ಮೇಂಟೈನರ್‌ಗೆ ಒಂದು ಜಾಯಿಂಟ್‌ನಲ್ಲಿ ಬೆಸುಗೆ ಪೂರ್ತಿ ಆಗಿಲ್ಲದಿರೋದು ಕಂಡಿತು. ಕುಮಟಾ ಸ್ಟೇಷನ್‌ಗೆ ತಿಳಿಸುವಷ್ಟರಲ್ಲಿ ತಿರುವನಂತಪುರದಿಂದ ದೆಹಲಿಗೆ ಹೋಗುವ ರಾಜಧಾನಿ ಎಕ್ಸ್‌ಪ್ರೆಸ್ ಹೊನ್ನಾವರ ದಾಟಿಬಿಟ್ಟಿತ್ತು. ಲೋಕೋ ಪೈಲಟ್‌ಗೆ ಸಂಪರ್ಕ ಸಿಗಲಿಲ್ಲ. ಇವರು ಹಳಿ ಮೇಲೆಯೇ ರೈಲು ಬರುವ ದಿಕ್ಕಿಗೆ ಸುಮಾರು ಅರ್ಧ ಕಿಲೋಮೀಟರ್ ಓಡಿ, ಸಿಗ್ನಲ್ ತೋರಿಸಿ ನಿಲ್ಲಿಸಿದರು. ಇಬ್ಬರಿಗೂ ರೈಲ್ವೆ ಬಹುಮಾನ ಕೊಟ್ಟಿತು.

ಎರಡೂ ಸುದ್ದಿಯನ್ನು ನಾವು "ಹೀರೋ" ಅಂತ ಸ್ಟೇಟಸ್ ಹಾಕಿ ಮರೆತೆವು. ನಾನೂ ಹಾಕಿದ್ದೆ. ಅವರು ಹೀರೋಗಳೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಎಂಜಿನಿಯರಿಂಗ್ ಓದೋ ನಾವು ಕೇಳಬೇಕಾದ ಪ್ರಶ್ನೆ ಬೇರೆ ಇತ್ತು: ಪೂರ್ತಿ ಆಗದ ಬೆಸುಗೆಯ ಮೇಲೆ ರಾಜಧಾನಿ ಎಕ್ಸ್‌ಪ್ರೆಸ್ ಬರೋ ಪರಿಸ್ಥಿತಿ ಹೇಗೆ ಬರುತ್ತೆ?

ಹಳಿಯನ್ನು ಯಾಕೆ ಬೆಸೆಯಬೇಕು?

ಹಿಂದೆ ಹಳಿಗಳ ನಡುವೆ ಸಣ್ಣ ಸಂದು ಬಿಡ್ತಿದ್ದರು. ಬಿಸಿಲಿಗೆ ಹಳಿ ಹಿಗ್ಗಲು ಜಾಗ ಬೇಕು ಅಂತ ನಾವು ಹೈಸ್ಕೂಲಲ್ಲಿ ಓದಿದ್ದು ಅದೇ. ಎರಡೂ ಕಡೆ ಫಿಶ್‌ಪ್ಲೇಟ್ ಇಟ್ಟು ಬೋಲ್ಟ್ ಬಿಗಿದು ಜೋಡಿಸೋದು. "ಟಕಟಕ, ಟಕಟಕ" ಸದ್ದು ಬರ್ತಿದ್ದದ್ದು ಆ ಸಂದುಗಳಿಂದ. ಪ್ರತಿ ಚಕ್ರ ಸಂದಿನಲ್ಲಿ ಇಳಿದು ಹತ್ತುವಾಗ ಹಳಿ ತುದಿಗೆ ಒಂದು ಪೆಟ್ಟು. ತುದಿ ಜಜ್ಜಿಹೋಗುತ್ತೆ, ಬೋಲ್ಟ್ ತೂತಿನಿಂದ ಬಿರುಕು ಹುಟ್ಟುತ್ತೆ, ಕೆಳಗಿನ ಜಲ್ಲಿ ಪುಡಿ ಆಗುತ್ತೆ.

ಈಗ ಹಳಿಗಳನ್ನು ಕಿಲೋಮೀಟರ್‌ಗಟ್ಟಲೆ ಒಂದೇ ತುಂಡಾಗಿ ಬೆಸೆಯುತ್ತಾರೆ. ಇದನ್ನು ಲಾಂಗ್ ವೆಲ್ಡೆಡ್ ರೈಲ್ ಅಂತಾರೆ. ಹಾಗಾದರೆ ಹಿಗ್ಗೋದು ಕುಗ್ಗೋದು ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಕಾಂಕ್ರೀಟ್ ಸ್ಲೀಪರ್, ಕ್ಲಿಪ್, ಜಲ್ಲಿ ಸೇರಿ ಹಳಿಯನ್ನು ಹಿಡಿದಿಟ್ಟಿರೋದರಿಂದ ಅದು ಅಲುಗಾಡಲ್ಲ. ಆ ಹಿಗ್ಗುವಿಕೆ ಒಳಗಿನ ಸ್ಟ್ರೆಸ್ ಆಗಿ ಕೂತಿರುತ್ತೆ.

ಲೆಕ್ಕ ಮಾಡೋಣ. ಮೊದಲ ಸೆಮಿಸ್ಟರ್ ಸೂತ್ರ ಸಾಕು: ಬಲ = ಯಂಗ್ಸ್ ಮಾಡ್ಯುಲಸ್ × ಅಡ್ಡ ಕೊಯ್ತದ ವಿಸ್ತೀರ್ಣ × ಹಿಗ್ಗುವ ಗುಣಾಂಕ × ತಾಪಮಾನದ ವ್ಯತ್ಯಾಸ. 60 ಕೆಜಿ ಹಳಿ (ಅಂದರೆ ಮೀಟರ್‌ಗೆ 60 ಕೆಜಿ) ತಗೊಂಡರೆ ವಿಸ್ತೀರ್ಣ ಸುಮಾರು 7686 ಚದರ ಮಿಮೀ. ಉಕ್ಕಿನ ಮಾಡ್ಯುಲಸ್ 2.1 ಲಕ್ಷ ನ್ಯೂಟನ್ ಪ್ರತಿ ಚದರ ಮಿಮೀ, ಗುಣಾಂಕ ಡಿಗ್ರಿಗೆ 0.0000115. ಹಳಿ 40 ಡಿಗ್ರಿಯಲ್ಲಿ ಇದ್ದಾಗ ಸ್ಟ್ರೆಸ್ ಇಲ್ಲದ ಹಾಗೆ ಬಿಗಿದಿದ್ದಾರೆ ಅಂದುಕೊಳ್ಳಿ. ಮಳೆ ಸುರಿಯೋ ರಾತ್ರಿ ಎರಡು ಗಂಟೆಗೆ ಅದು 25 ಡಿಗ್ರಿಗೆ ಇಳಿಯಿತು. ವ್ಯತ್ಯಾಸ 15. ಬಲ ಎಷ್ಟು ಬರುತ್ತೆ? ಸುಮಾರು 2.78 ಲಕ್ಷ ನ್ಯೂಟನ್, ಅಂದರೆ 28 ಟನ್ ಎಳೆತ. ಕಂಬಳದ ಒಂದು ಕೋಣ 600 ಕೆಜಿ ಅಂತ ಇಟ್ಟುಕೊಂಡರೆ 47 ಕೋಣಗಳ ತೂಕ. ಅದೂ ಒಂದೇ ಹಳಿಗೆ, ಮೇಲೆ ರೈಲೇ ಇಲ್ಲದಾಗ.

ಹೆದರಬೇಡಿ. ಸ್ಟ್ರೆಸ್ ಲೆಕ್ಕದಲ್ಲಿ ಅದು ಚದರ ಮಿಮೀಗೆ ಬರೀ 36 ನ್ಯೂಟನ್. 880 ಗ್ರೇಡ್ ಹಳಿಯ ಉಕ್ಕು ತುಂಡಾಗಲು ಚದರ ಮಿಮೀಗೆ 880 ನ್ಯೂಟನ್ ಬೇಕು. ಒಳ್ಳೆ ಹಳಿಗೆ, ಒಳ್ಳೆ ಬೆಸುಗೆಗೆ ಈ ಎಳೆತ ಲೆಕ್ಕಕ್ಕೇ ಇಲ್ಲ. ಆದರೆ ಬೆಸುಗೆಯ ಒಳಗೆ ಒಂದು ಬಿರುಕು, ಒಂದು ಸರಿಯಾಗಿ ಅಂಟದ ಮೂಲೆ ಇದ್ದರೆ ಬಲವೆಲ್ಲ ಅದರ ತುದಿಯಲ್ಲಿ ಬಂದು ಸೇರುತ್ತೆ. ಬಿಸ್ಕೆಟ್ ಪ್ಯಾಕೆಟ್ ಹರಿಯಲ್ಲ ಅಂತ ಒದ್ದಾಡಿ, ಅಂಚಿನಲ್ಲಿ ಸಣ್ಣ ಕಟ್ ಸಿಕ್ಕ ಕೂಡಲೇ ಸರ್ರನೆ ಹರಿಯುತ್ತಲ್ಲ, ಹಾಗೆ. ಹಳಿ ತಣ್ಣಗಾಗೋ ರಾತ್ರಿ, ಬೆಳಗಿನ ಜಾವ ಈ ಎಳೆತ ಹೆಚ್ಚು. ಆ ಎರಡು ಘಟನೆಯ ಸಮಯ ಮತ್ತೊಮ್ಮೆ ನೋಡಿ: 2.25, 4.50.

ಇದರ ಮೇಲೆ ರೈಲು. 22 ಎಲ್‌ಎಚ್‌ಬಿ ಬೋಗಿಗೆ ನಾಲ್ಕು ನಾಲ್ಕು ಆಕ್ಸಲ್ ಅಂದರೆ 88, ಎಂಜಿನ್ನಿನದ್ದು 6, ಒಟ್ಟು 94. ಒಂದು ರೈಲು ಹೋದರೆ ಆ ಬೆಸುಗೆ 94 ಸಲ ಬಾಗಿ ಏಳುತ್ತೆ. ದಿನಕ್ಕೆ ಎಷ್ಟು ರೈಲು, ವರ್ಷಕ್ಕೆ ಎಷ್ಟು ಅಂತ ನೀವೇ ಗುಣಿಸಿ. ಫಟೀಗ್ ಅನ್ನೋ ಪದ ಪರೀಕ್ಷೆಗೆ ಬರೆದಿದ್ದೆವು, ಅದು ಇದೇ.

ಮೂಸೆಯಲ್ಲಿ ಇಪ್ಪತ್ತು ಸೆಕೆಂಡು

ಫ್ಯಾಕ್ಟರಿಯಲ್ಲಿ ಹಳಿಗಳನ್ನು ಕರೆಂಟ್ ಹಾಯಿಸಿ, ತುದಿ ಕರಗಿಸಿ, ಒತ್ತಿ ಬೆಸೆಯುತ್ತಾರೆ. ಮಷೀನ್ ಮಾಡೋ ಕೆಲಸ, ಸಾಮಾನ್ಯವಾಗಿ ಚೆನ್ನಾಗಿರುತ್ತೆ. ಆದರೆ ಆ ಉದ್ದ ತುಂಡುಗಳನ್ನು ಸ್ಥಳದಲ್ಲೇ ಒಂದಕ್ಕೊಂದು ಸೇರಿಸಬೇಕಲ್ಲ. ಕೆಟ್ಟ ಹಳಿ ಕತ್ತರಿಸಿ ಹೊಸ ತುಂಡು ಹಾಕಿದಾಗಲೂ ಎರಡು ತುದಿ ಬೆಸೆಯಬೇಕು. ಅಲ್ಲಿ ಬರೋದು ಥರ್ಮಿಟ್ ಬೆಸುಗೆ.

ಜರ್ಮನಿಯ ಹಾನ್ಸ್ ಗೋಲ್ಡ್‌ಸ್ಮಿತ್ 1895ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡ. 1899ರಲ್ಲಿ ಎಸೆನ್ ಊರಿನ ಟ್ರಾಮ್ ಹಳಿಗೆ ಬಳಸಿದರು. ಇಂದಿಗೂ ಮೂಲ ಅದೇ: ಕಬ್ಬಿಣದ ಆಕ್ಸೈಡ್ ಪುಡಿ ಮತ್ತು ಅಲ್ಯುಮಿನಿಯಂ ಪುಡಿ ಸೇರಿಸಿ ಬೆಂಕಿ ತಾಗಿಸಿದರೆ ಅಲ್ಯುಮಿನಿಯಂ ಆಕ್ಸಿಜನ್ ಕಿತ್ತುಕೊಳ್ಳುತ್ತೆ, ಕಬ್ಬಿಣ ಕರಗಿದ ಸ್ಥಿತಿಯಲ್ಲಿ ಬಿಡುಗಡೆ ಆಗುತ್ತೆ. ಸುಮಾರು 2500 ಡಿಗ್ರಿ ಬಿಸಿ. ಕರೆಂಟ್ ಬೇಡ, ದೊಡ್ಡ ಮಷೀನ್ ಬೇಡ. ಸೀತಾ ನದಿ ಪಕ್ಕದ ಗದ್ದೆ ಬದಿಯಲ್ಲೂ ಮಾಡಬಹುದು. ಅದರ ಅನುಕೂಲವೂ ಅದೇ, ಅಪಾಯವೂ ಅದೇ. ಯಾಕೆಂದರೆ ಗದ್ದೆ ಬದಿಯಲ್ಲಿ ಒಂದು ಉಕ್ಕಿನ ಕಾರ್ಖಾನೆಯ ಕೆಲಸವನ್ನು ನಾಲ್ಕಾರು ಜನರ ಕೈ ಮಾಡಬೇಕು.

ಕ್ರಮ ಹೀಗೆ. ಎರಡು ಹಳಿ ತುದಿಗಳ ನಡುವೆ 25 ಮಿಮೀ ಸಂದು ಬಿಡಬೇಕು. ಹೆಚ್ಚುಕಡಿಮೆಗೆ ಅವಕಾಶ 1 ಮಿಮೀ ಮಾತ್ರ. ತುದಿಗಳ ತುಕ್ಕು, ಗ್ರೀಸ್, ಕೊಳೆ ಸಂಪೂರ್ಣ ತೆಗೆಯಬೇಕು. ಎರಡನ್ನೂ ಒಂದೇ ನೇರಕ್ಕೆ ತರಬೇಕು. ಮರಳಿನ ಅಚ್ಚನ್ನು ಸುತ್ತ ಕಟ್ಟಿ, ಸಂದಿಯಲ್ಲಿ ಮಣ್ಣು ಮೆತ್ತಬೇಕು. ಬರ್ನರ್ ಇಟ್ಟು ತುದಿಗಳನ್ನು ಸುಮಾರು 600 ಡಿಗ್ರಿಗೆ ಕಾಯಿಸಬೇಕು. ಮೇಲೆ ಮೂಸೆ ಇಟ್ಟು ಪುಡಿಗೆ ಬೆಂಕಿ ಕೊಡಬೇಕು. ರಿಯಾಕ್ಷನ್ ಇಪ್ಪತ್ತು ಸೆಕೆಂಡಿನ ಆಸುಪಾಸಲ್ಲಿ ಮುಗಿಯುತ್ತೆ. ಆಮೇಲೆ ಸ್ವಲ್ಪ ತಡೆದು ಕೆಳಗಿನ ತೂತು ಬಿಟ್ಟರೆ ಉಕ್ಕು ಅಚ್ಚಿಗೆ ಇಳಿಯುತ್ತೆ. ಗಟ್ಟಿಯಾದ ಮೇಲೆ ಅಚ್ಚು ಒಡೆದು, ಹೆಚ್ಚಾದದ್ದನ್ನು ಕತ್ತರಿಸಿ, ಗ್ರೈಂಡ್ ಮಾಡೋದು.

ಯೂಟ್ಯೂಬಲ್ಲಿ ನೋಡಿದರೆ ದೀಪಾವಳಿ ತರಹ ಇರುತ್ತೆ, ನೋಡಿ. ಕೆಡೋದು ಮಾತ್ರ ಆ ಬೆಂಕಿಯಲ್ಲಿ ಅಲ್ಲ. ಅದರ ಹಿಂದೆ ಮುಂದೆ, ಬೋರಿಂಗ್ ಅನಿಸೋ ಕೆಲಸಗಳಲ್ಲಿ.

ಕಾಯಿಸೋದನ್ನೇ ತಗೊಳ್ಳಿ. ಹಳಿಯ ತಲೆ ದಪ್ಪ, ಪಾದದ ಅಂಚು ತೆಳು. ಬರ್ನರ್ ಸ್ವಲ್ಪ ವಾರೆ ಕೂತರೆ, ಅಥವಾ ಸಮಯ ಇಲ್ಲ ಅಂತ ಬೇಗ ತೆಗೆದರೆ, ಒಂದು ಭಾಗ ಸಾಕಷ್ಟು ಬಿಸಿ ಆಗಿರಲ್ಲ. ಕರಗಿದ ಉಕ್ಕು ಅಲ್ಲಿ ಬಂದು ಮುಟ್ಟುತ್ತೆ, ಗಟ್ಟಿ ಆಗುತ್ತೆ, ಆದರೆ ಹಳಿಯ ಉಕ್ಕಿನ ಜೊತೆ ಒಂದಾಗಲ್ಲ. ತಣ್ಣಗಿನ ಕಾವಲಿ ಮೇಲೆ ದೋಸೆ ಹುಯ್ದ ಹಾಗೆ ಅನ್ನಬಹುದೇನೋ, ಆದರೆ ದೋಸೆ ಅಂಟಿಕೊಂಡರೆ ನಮಗೆ ಕಷ್ಟ, ಇಲ್ಲಿ ಅಂಟದಿದ್ದರೆ ಕಷ್ಟ! ಇದಕ್ಕೆ ಲ್ಯಾಕ್ ಆಫ್ ಫ್ಯೂಷನ್ ಅಂತಾರೆ. ಹೊರಗಿನಿಂದ ಉಬ್ಬು ಸರಿಯಾಗೇ ಇರುತ್ತೆ.

ತೇವಾಂಶ ಇನ್ನೊಂದು. ಪುಡಿಯ ಚೀಲ, ಅಚ್ಚು, ಮೆತ್ತೋ ಮಣ್ಣು, ಇವುಗಳಲ್ಲಿ ನೀರಿನ ಪಸೆ ಇದ್ದರೆ ಅದು ಆವಿ ಆಗಿ ಉಕ್ಕಿನೊಳಗೆ ಗುಳ್ಳೆಗಳಾಗಿ ಉಳಿಯುತ್ತೆ. ಉಡುಪಿ ಕಡೆ ವರ್ಷಕ್ಕೆ 4000 ಮಿಮೀಗಿಂತ ಹೆಚ್ಚು ಮಳೆ. ಅಮ್ಮಮ್ಮನ ಮನೆಯಲ್ಲಿ ಜುಲೈಯಲ್ಲಿ ಹಪ್ಪಳದ ಡಬ್ಬ ಎರಡು ನಿಮಿಷ ತೆರೆದಿಟ್ಟರೆ ಹಪ್ಪಳ ಮೆತ್ತಗಾಗುತ್ತೆ. ಅಂಥ ಗಾಳಿಯಲ್ಲಿ ಚೀಲ ಒಣಗಿರುವಂತೆ ನೋಡಿಕೊಳ್ಳೋದು ಸಣ್ಣ ಕೆಲಸ ಅಲ್ಲ.

ಮೂಸೆಯ ತೂತು ಬಿಡೋ ಸಮಯವೂ ಹಾಗೇ. ರಿಯಾಕ್ಷನ್ ಮುಗಿದಾಗ ಅಲ್ಯುಮಿನಿಯಂ ಆಕ್ಸೈಡಿನ ಕಿಟ್ಟ ಹಗುರವಾಗಿರೋದರಿಂದ ಮೇಲೆ ತೇಲುತ್ತೆ. ತೇಲಲು ಕೆಲವು ಸೆಕೆಂಡು ಬೇಕು. ಆತುರಪಟ್ಟು ಮೊದಲೇ ಬಿಟ್ಟರೆ ಕಿಟ್ಟವೂ ಅಚ್ಚಿನೊಳಗೆ. ಈಗ ತಾನಾಗಿಯೇ ಕರಗಿ ತೂತು ಬಿಡೋ ಬಿರಡೆ ಬಂದಿದೆ. ಮನುಷ್ಯನ ಆತುರವನ್ನು ಡಿಸೈನ್‌ನಿಂದಲೇ ಹೊರಗಿಟ್ಟ ಈ ಉಪಾಯ ನನಗೆ ತುಂಬಾ ಇಷ್ಟವಾಯಿತು.

ನೇರ ಹೊಂದಿಸೋದರಲ್ಲಿ ಒಂದು ಗಮ್ಮತ್ತಿದೆ. ಎರಡು ತುದಿಗಳನ್ನು ಪಕ್ಕಾ ಸಮತಲದಲ್ಲಿ ಇಟ್ಟರೆ ತಪ್ಪು! ತಲೆ ಭಾಗ ದಪ್ಪ ಇರೋದರಿಂದ ತಣಿಯುವಾಗ ಜಾಸ್ತಿ ಕುಗ್ಗಿ ಜಾಯಿಂಟ್ ಕೆಳಗೆ ಬಗ್ಗುತ್ತೆ. ಅದಕ್ಕೇ ಮೊದಲೇ ಜಾಯಿಂಟನ್ನು ಸ್ವಲ್ಪ, ಕೆಲವೇ ಮಿಲಿಮೀಟರ್, ಮೇಲಕ್ಕೆತ್ತಿ ಇಡ್ತಾರೆ. ತಣಿದಾಗ ಸಮಕ್ಕೆ ಬರುತ್ತೆ. ಎತ್ತಲು ಮರೆತರೆ ಅಲ್ಲೊಂದು ಸಣ್ಣ ಗುಳಿ, ಪ್ರತಿ ಚಕ್ರವೂ ಅದರಲ್ಲಿ ಇಳಿದು ಬಡಿಯುತ್ತೆ. ಸಂದು ತೆಗೆಯಲು ಬೆಸೆದು, ಬೆಸುಗೆಯಲ್ಲೇ ಸಂದಿನ ಪೆಟ್ಟು ತಂದುಕೊಂಡ ಹಾಗಾಯಿತು.

ಇದೆಲ್ಲ ನಡೆಯೋದು "ಬ್ಲಾಕ್" ಒಳಗೆ. ಅಂದರೆ ಆ ಹಳಿ ಮೇಲೆ ರೈಲು ಬಿಡಲ್ಲ ಅಂತ ಕಂಟ್ರೋಲ್ ಕೊಟ್ಟ ಸಮಯ. ಒಂದು ಬೆಸುಗೆಗೆ ಒಂದು ಗಂಟೆಗಿಂತ ಹೆಚ್ಚು ಬೇಕು. ಬೆಸೆದ ಮೇಲೆ ಅರ್ಧ ಗಂಟೆ ರೈಲು ಬಿಡಬಾರದು. ನಮ್ಮ ಕಡೆ ಒಂದೇ ಹಳಿ, ಹೋಗೋದಕ್ಕೂ ಬರೋದಕ್ಕೂ ಅದೇ. ಸಮಯ ಸಿಗೋದು ಕಷ್ಟ, ಸಿಕ್ಕರೂ ಎಷ್ಟೋ ಸಲ ಕತ್ತಲಲ್ಲಿ. ಆಗ ಕಾಯಿಸೋದರಲ್ಲಿ ಒಂದು ನಿಮಿಷ, ಉಜ್ಜೋದರಲ್ಲಿ ಎರಡು ನಿಮಿಷ ಉಳಿಸೋಣ ಅನಿಸೋದು ಸಹಜ. ಕಳಪೆ ಕೆಲಸ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಸೋಮಾರಿ ಕೆಲಸಗಾರ. ನಾನು ಓದಿದಷ್ಟರಲ್ಲಿ ಸೋಮಾರಿತನಕ್ಕಿಂತ ಆತುರವೇ ದೊಡ್ಡ ಶತ್ರು. ಆ ಆತುರ ಬಹಳ ಸಲ ಮೇಲಿನಿಂದ ಇಳಿದು ಬಂದಿರುತ್ತೆ.

2017ರ ಆಗಸ್ಟ್ 19ರಂದು ಉತ್ತರ ಪ್ರದೇಶದ ಖತೌಲಿಯಲ್ಲಿ ಕಳಿಂಗ ಉತ್ಕಲ್ ಎಕ್ಸ್‌ಪ್ರೆಸ್ ಹಳಿ ತಪ್ಪಿ 20ಕ್ಕೂ ಹೆಚ್ಚು ಜನ ಸತ್ತಿದ್ದು ಹೀಗೇ. ಬ್ಲಾಕ್ ಇಲ್ಲದೆ ಹಳಿ ದುರಸ್ತಿ ನಡೀತಾ ಇತ್ತು, ಹಳಿ ಪೂರ್ತಿ ಜೋಡಿಸಿರಲಿಲ್ಲ, ರೈಲು ಪೂರ್ತಿ ವೇಗದಲ್ಲಿ ಬಂತು. ಇಂಗ್ಲೆಂಡಿನದ್ದೂ ಒಂದಿದೆ. 2000ದ ಅಕ್ಟೋಬರ್ 17ರಂದು ಹ್ಯಾಟ್‌ಫೀಲ್ಡ್‌ನಲ್ಲಿ ಬಿರುಕು ಬಿಟ್ಟ ಹಳಿ ರೈಲಿನ ಅಡಿಯಲ್ಲಿ ನೂರಾರು ಚೂರಾಗಿ ನಾಲ್ಕು ಜನ ಸತ್ತರು. ಆ ಹಳಿ ಕೆಟ್ಟಿದೆ ಅಂತ ಮೊದಲೇ ಗೊತ್ತಿತ್ತು. ಬದಲಾಯಿಸಲು ತಂದ ಹೊಸ ಹಳಿ ತಿಂಗಳುಗಟ್ಟಲೆ ಅಲ್ಲೇ ಪಕ್ಕದಲ್ಲಿ ಬಿದ್ದಿತ್ತು!

ನಮ್ಮ ದೇಶದ ಲೆಕ್ಕ ಸಿಎಜಿಯ 2022ರ ವರದಿಯಲ್ಲಿದೆ. ರೈಲು ಹಳಿ ತಪ್ಪಿದ 1129 ಪ್ರಕರಣಗಳ ತನಿಖಾ ವರದಿಗಳನ್ನು ನೋಡಿದಾಗ 422ಕ್ಕೆ ಎಂಜಿನಿಯರಿಂಗ್ ವಿಭಾಗ ಹೊಣೆ, ಅದರಲ್ಲಿ 171ಕ್ಕೆ ಕಾರಣ ಹಳಿ ನಿರ್ವಹಣೆ. ಎಂಜಿನಿಯರಿಂಗ್ ವಿಭಾಗ ಅಂದರೆ ಯಾರು? ಇನ್ನು ಕೆಲವು ವರ್ಷಕ್ಕೆ ನಮ್ಮಲ್ಲೇ ಕೆಲವರು.

ಶಬ್ದಕ್ಕೂ ಕಾಣದ ಮೂಲೆ

ಹಾಗಾದರೆ ಟೆಸ್ಟ್ ಮಾಡಲ್ವಾ? ಮಾಡ್ತಾರೆ. ಅಲ್ಟ್ರಾಸಾನಿಕ್ ಯಂತ್ರವನ್ನು ಹಳಿ ಮೇಲೆ ತಳ್ಳಿಕೊಂಡು ಹೋಗ್ತಾರೆ. ಪ್ರೋಬ್ ಕಳಿಸಿದ ಶಬ್ದದ ಅಲೆ ಬಿರುಕಿಗೆ ಬಡಿದು ವಾಪಸ್ ಬಂದರೆ ಸ್ಕ್ರೀನಿನಲ್ಲಿ ಗೆರೆ ಏಳುತ್ತೆ. ಬಾವಿಗೆ ಕೂಗಿ ಪ್ರತಿಧ್ವನಿ ಕೇಳೋ ಹಾಗೆ. ನೇರ ಕೆಳಗೆ ನೋಡಲು 0 ಡಿಗ್ರಿ ಪ್ರೋಬ್, ಓರೆ ಬಿರುಕಿಗೆ 70 ಡಿಗ್ರಿ ಪ್ರೋಬ್.

ಇಲ್ಲೊಂದು ಜಾಮಿಟ್ರಿ ಸಮಸ್ಯೆ ಇದೆ. ಹಳಿಯ ಅಡ್ಡ ಕೊಯ್ತ ಚಿತ್ರಿಸಿಕೊಳ್ಳಿ: ಮೇಲೆ ತಲೆ, ನಡುವೆ ತೆಳು ಹೊಟ್ಟೆ, ಕೆಳಗೆ ಅಗಲ ಪಾದ. ಪ್ರೋಬ್ ಕೂರೋದು ತಲೆ ಮೇಲೆ. ನೇರ ಕೆಳಗೆ ಹೋಗೋ ಅಲೆ ಹೊಟ್ಟೆಯ ಮೂಲಕ ಪಾದದ ಮಧ್ಯಕ್ಕೆ ಮುಟ್ಟುತ್ತೆ. ಪಾದದ ಎರಡು ಅಂಚುಗಳಿಗೆ ಅದು ಹೋಗೋದೇ ಇಲ್ಲ. ಸರಿಯಾಗಿ ಕಾಯದೆ ಉಳಿಯೋ ಸಾಧ್ಯತೆ ಹೆಚ್ಚಿರೋ ಭಾಗ ಆ ಅಂಚು. ಚಕ್ರ ಮೇಲೆ ಬಂದಾಗ ಹಳಿ ಬಾಗಿ ಅತಿ ಹೆಚ್ಚು ಎಳೆತ ಬರೋ ಭಾಗವೂ ಪಾದ. ಅದಕ್ಕೇ ಥರ್ಮಿಟ್ ಬೆಸುಗೆಗಳ ಪಾದವನ್ನು ಬೇರೆ ಪ್ರೋಬ್ ಇಟ್ಟು, ಬಗ್ಗಿ ಕೂತು, ಒಂದೊಂದನ್ನೇ ಕೈಯಿಂದ ಪರೀಕ್ಷಿಸಬೇಕು. ಬೇಸರದ ಕೆಲಸ. ಮತ್ತೆ ಅದೇ ಪ್ರಶ್ನೆ: ಬೇಸರದ ಕೆಲಸವನ್ನು ನೂರನೇ ಬೆಸುಗೆಯಲ್ಲೂ ಮೊದಲನೆಯದರಷ್ಟೇ ಗಮನದಿಂದ ಮಾಡ್ತಾರಾ?

ಸಿಗ್ನಲ್ ಸಿಸ್ಟಮ್‌ಗೆ ಗೊತ್ತಾಗಲ್ವಾ ಅಂತ ನನ್ನ ರೂಮ್‌ಮೇಟ್ ಕೇಳಿದ. ಹಳಿಯಲ್ಲೇ ಕರೆಂಟ್ ಹರಿಸೋ ಟ್ರ್ಯಾಕ್ ಸರ್ಕ್ಯೂಟ್ ಇದ್ದಲ್ಲಿ ಹಳಿ ಪೂರ್ತಿ ತುಂಡಾದರೆ ಗೊತ್ತಾಗಬಹುದು. ಬಿರುಕು ಬಿಟ್ಟೂ ಒಂದಕ್ಕೊಂದು ತಾಗಿಕೊಂಡಿದ್ದರೆ ಇಲ್ಲ. ಚಕ್ರ ಎಣಿಸೋ ಆಕ್ಸಲ್ ಕೌಂಟರ್ ಇದ್ದಲ್ಲಂತೂ ಹಳಿ ಮುರಿದದ್ದು ಅದಕ್ಕೆ ತಿಳಿಯೋದೇ ಇಲ್ಲ. ಅದು ಎಣಿಸೋದು ಚಕ್ರವನ್ನು, ಹಳಿಯನ್ನಲ್ಲ.

ಆದ್ದರಿಂದ ಕೊನೆಗೆ ಉಳಿಯೋದು ನಡೆಯೋ ಮನುಷ್ಯ. ಹಗಲು ಕೀಮ್ಯಾನ್, ಮಳೆಗಾಲದ ರಾತ್ರಿ ಗಸ್ತಿನವರು. ಅವರ ಚೀಲದಲ್ಲಿ ಕೆಂಪು ಬಾವುಟ, ದೀಪ, ಜೊತೆಗೆ ಪಟಾಕಿ ತರಹದ ಡೆಟೊನೇಟರ್‌ಗಳು. ಹಳಿ ಮುರಿದದ್ದು ಕಂಡರೆ ಅಲ್ಲಿಂದ 600 ಮೀಟರ್ ದೂರದಲ್ಲಿ ಒಂದು, 1200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಬಿಟ್ಟು ಮೂರು ಡೆಟೊನೇಟರ್ ಹಳಿಗೆ ಕಟ್ಟಬೇಕು. ಚಕ್ರ ಹತ್ತಿದಾಗ ಢಮ್ ಅನ್ನುತ್ತೆ, ಪೈಲಟ್ ಬ್ರೇಕ್ ಹಾಕ್ತಾರೆ. 1200 ಯಾಕೆ ಅಂತ ಬೇಕಾದರೆ ಲೆಕ್ಕ ಹಾಕಿ: ಗಂಟೆಗೆ 110 ಕಿಮೀ ಅಂದರೆ ಸೆಕೆಂಡಿಗೆ ಸುಮಾರು 30.5 ಮೀಟರ್. ಸೆಕೆಂಡಿಗೆ ಅರ್ಧ ಮೀಟರ್‌ನಷ್ಟು ವೇಗ ಇಳಿಯುತ್ತಾ ಹೋದರೆ ನಿಲ್ಲಲು 930 ಮೀಟರ್ ಬೇಕು. ಕತ್ತಲಲ್ಲಿ, ಜಲ್ಲಿ ಮೇಲೆ, ಅಷ್ಟು ದೂರ ಓಡಬೇಕು, ರೈಲು ಬರೋದರೊಳಗೆ. ಕುಮಟಾದವರು ಓಡಿದ ಆ ಅರ್ಧ ಕಿಲೋಮೀಟರ್ ಏನು ಅಂತ ಈ ಲೆಕ್ಕ ಮಾಡಿದ ಮೇಲೆ ನನಗೆ ಅರ್ಥ ಆಯಿತು.

ಹೆಸರು

ನನಗೆ ಅತಿ ಇಷ್ಟವಾದ ವಿವರ ಇದು. ಪ್ರತಿ ಥರ್ಮಿಟ್ ಬೆಸುಗೆಯ ಪಕ್ಕ, ಹಳಿಯ ಹೊಟ್ಟೆ ಭಾಗದಲ್ಲಿ, ಒಂದು ಗುರುತು ಹಾಕಬೇಕು ಅನ್ನೋ ನಿಯಮ ಇದೆ. ಯಾವ ತಿಂಗಳು, ಯಾವ ವರ್ಷ, ಯಾವ ಸಂಸ್ಥೆ ಮಾಡಿದ್ದು, ವೆಲ್ಡರ್‌ನ ಕೋಡ್, ಬೆಸುಗೆಯ ಸಂಖ್ಯೆ. ಹತ್ತು ವರ್ಷದ ನಂತರ ಮುರಿದರೂ ಯಾರ ಕೈ ಅಂತ ಗೊತ್ತಾಗಬೇಕು.

ಇದು ಓದಿದಾಗ ನನಗೆ ನಮ್ಮ ಫಸ್ಟ್ ಇಯರ್ ವರ್ಕ್‌ಶಾಪ್ ನೆನಪಾಯಿತು. ನಾವೂ ಜಾಬ್ ಮೇಲೆ ರೋಲ್ ನಂಬರ್ ಪಂಚ್ ಮಾಡ್ತೀವಲ್ಲ. ಈಗ ಆ ಅಣ್ಣನ ಮಾತು ಯಾಕೆ ಚುಚ್ಚಿತು ಅಂತ ಹೇಳ್ತೀನಿ.

ಬಟ್ ಜಾಯಿಂಟ್ ಮಾಡೋ ದಿನ. 6 ಮಿಮೀ ದಪ್ಪದ ಎರಡು ಪಟ್ಟಿ. ನನಗೆ ಆರ್ಕ್ ಹಿಡಿಯೋದೇ ಬರ್ತಿರಲಿಲ್ಲ, ರಾಡ್ ಪದೇ ಪದೇ ಅಂಟಿಕೊಳ್ಳೋದು. ಮೊದಲ ಪದರದ ಕಿಟ್ಟವನ್ನು ಸುತ್ತಿಗೆಯಿಂದ ಪೂರ್ತಿ ತೆಗೆದು ಎರಡನೇ ಪದರ ಹಾಕಬೇಕು ಅಂತ ಹೇಳಿಕೊಟ್ಟಿದ್ದರು. ಹೊತ್ತಾಗಿತ್ತು, ಹಿಂದೆ ಕ್ಯೂ ಇತ್ತು, ಬಸ್ಸು ಬೇರೆ. ಕಿಟ್ಟದ ಮೇಲೆಯೇ ಎರಡನೇ ಪದರ ಎಳೆದೆ. ನೋಡಲು ಹಂದಿ ಮೂತಿ ತರಹ ಇತ್ತು. ಗ್ರೈಂಡರ್ ಹಿಡಿದು ಹದಿನೈದು ನಿಮಿಷ ಉಜ್ಜಿದೆ. ಕನ್ನಡಿ ಹಾಗೆ ಆಯಿತು. ಇಪ್ಪತ್ತಕ್ಕೆ ಹದಿನೆಂಟು ಬಂತು. ಚೆನ್ನಾಗಿ ಬೆಸೆದು ಗ್ರೈಂಡ್ ಮಾಡದೆ ಕೊಟ್ಟ ನನ್ನ ಬ್ಯಾಚ್‌ಮೇಟ್‌ಗೆ ಹದಿನಾಲ್ಕು. ಹಾಸ್ಟೆಲಲ್ಲಿ ಇದನ್ನು ದೊಡ್ಡ ಸಾಧನೆ ತರಹ ಹೇಳಿಕೊಂಡು ತಿರುಗಿದ್ದೆ.

ಬಾರ್ಕೂರಿನಿಂದ ವಾಪಸ್ ಬಂದ ಮೇಲೆ ವರ್ಕ್‌ಶಾಪಿಗೆ ಹೋಗಿ ಫೋರ್‌ಮನ್ ಸರ್ ಹತ್ತಿರ ಕೇಳಿದೆ. ಹಳೇ ಜಾಬ್‌ಗಳು ಮೂಲೆಯ ಡ್ರಮ್ಮಿನಲ್ಲಿ ಇದ್ದವು. ರೋಲ್ ನಂಬರ್ ನೋಡಿ ಹುಡುಕಿದೆ, ಅರ್ಧ ಗಂಟೆ ಹಿಡಿಯಿತು. ತುಕ್ಕು ಹಿಡಿದಿದ್ದರೂ ಮೇಲ್ಮೈ ಇನ್ನೂ ನುಣುಪಾಗೇ ಇತ್ತು. ವೈಸಿಗೆ ಕಟ್ಟಿ ಬೆಸುಗೆಗೆ ಅಡ್ಡಲಾಗಿ ಹ್ಯಾಕ್‌ಸಾದಲ್ಲಿ ಕೊಯ್ದೆ. ಅರ್ಧಕ್ಕೆ ಬರೋವಾಗ ಬ್ಲೇಡ್ ಸದ್ದು ಬದಲಾಯಿತು, ಕೈಗೆ ಹಗುರ ಅನಿಸಿತು. ತುಂಡು ಮಾಡಿ ಬೆಳಕಿಗೆ ಹಿಡಿದರೆ ನಡುವೆ ಕಪ್ಪು ಗೆರೆ, ಕಿಟ್ಟ ತುಂಬಿದ್ದು, ಅಕ್ಕಿ ಕಾಳಿನಷ್ಟು ದಪ್ಪ, ಒಂದು ಬದಿಯಿಂದ ಇನ್ನೊಂದು ಬದಿಗೆ ಹೆಚ್ಚುಕಡಿಮೆ ಪೂರ್ತಿ. ಪಟ್ಟಿಗಳು ಅಂಟಿಕೊಂಡಿದ್ದದ್ದು ಮೇಲಿನ ಮತ್ತು ಕೆಳಗಿನ ತೆಳು ಪದರದಲ್ಲಿ ಮಾತ್ರ.

ಫೋರ್‌ಮನ್ ಸರ್ ಅದನ್ನು ತಿರುಗಿಸಿ ನೋಡಿದರು. ಏನೂ ಬೈಯಲಿಲ್ಲ. "ಎರಡು ಪಟ್ಟಿ ತಗೋ, ಕೂತ್ಕೋ" ಅಂದರು. ಆ ಮಧ್ಯಾಹ್ನ ಮೂರು ಜಾಯಿಂಟ್ ಮಾಡಿ ಮೂರನ್ನೂ ಕೊಯ್ದೆ. ಎರಡರಲ್ಲಿ ಗುಳ್ಳೆ ಇತ್ತು. ಮೂರನೆಯದು ಪರವಾಗಿಲ್ಲ.